ದಾನಚಿಂತಾಮಣಿ ಅತ್ತಿಮಬ್ಬೆ

ಕ್ರಿ.ಶ. ೯೭೩ನೆಯ ವರ್ಷ ಕನ್ನಡ ನಾಡಿನ ರಾಜಕೀಯ ಚರಿತ್ರೆಯಲ್ಲಿ ಮಹಾಪಲ್ಲಟದ ವರ್ಷ. ಎರಡು ಶತಮಾನಗಳಿಗೂ ಮಿಕ್ಕು ದಕ್ಷಿಣಾಪಥವನ್ನು ಆಳಿದ ರಾಷ್ಟ್ರಕೂಟರ ಸಾರ್ವಭೌಮತ್ವ ಆ ವರ್ಷ ಕುಸಿದು ಬಿದ್ದಿತು. ಅದರ ಹಿಂದಿನ ವರ್ಷವೇ ಮಾಳವದ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಗೊಂಡು ಹೋಗಿದ್ದನು. ಆ ಪೆಟ್ಟಿನಿಂದ ಚೇತರಿಸಿಕೊಳ್ಳುವ ಮೊದಲೇ, ತರ್ದವಾಡಿಯಲ್ಲಿ ರಾಷ್ಟ್ರಕೂಟರ ಸಾಮಂತನಾಗಿದ್ದ ಚಾಲುಕ್ಯ ವಂಶದ ತೈಲಪನು ಎರಡನೆಯ ಕರ್ಕನನ್ನು ಸೋಲಿಸಿ ತಾನೇ ಚಕ್ರವರ್ತಿಯಾದನು. ಅಮೋಘವರ್ಷ ನೃಪತುಂಗನ ಕಾಲದಿಂದ ಜಿನಧರ್ಮಕ್ಕೆ ನೆರಳಾಗಿದ್ದ ಮಹಾವೃಕ್ಷವೊಂದು ಹೀಗೆ ಉರುಳಿದಾಗ, ಶ್ರಾವಕ ಸಮುದಾಯಕ್ಕೆ ಎಂಥ ಕಳವಳ ಉಂಟಾಗಿರಬೇಕೆಂಬುದನ್ನು ಊಹಿಸುವುದು ಕಷ್ಟವಲ್ಲ. ಗಂಗರ ಅರಸು ಮಾರಸಿಂಹನು ತನ್ನ ಸೋದರಳಿಯನಾದ ಇಂದ್ರರಾಜನಿಗೆ ಪಟ್ಟ ಕಟ್ಟಿ ಹಳೆಯ ವಂಶವನ್ನು ಉಳಿಸಲು ಹೆಣಗಿದನು. ಅದು ಕೈಗೂಡಲಿಲ್ಲ. ಮಾರಸಿಂಹನು ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ವ್ರತವನ್ನು ಕೈಗೊಂಡು ದೇಹವನ್ನು ತ್ಯಜಿಸಿದನು. ಇಂದ್ರರಾಜನು ೯೮೨ರಲ್ಲಿ ಶ್ರವಣಬೆಳಗೊಳದಲ್ಲಿ ಅದೇ ದಾರಿಯನ್ನು ಹಿಡಿದನು.

ಸೋತವರು ಜಿನಭಕ್ತರು ಎಂಬುದು ನಿಜ. ಆದರೆ ಗೆದ್ದವನ ಪಾಳೆಯದಲ್ಲಿಯೂ ಜಿನಭಕ್ತರಿದ್ದರೆಂಬ ಸಂಗತಿಯನ್ನು ನಮ್ಮಲ್ಲಿ ಅನೇಕರು ಮರೆಯುತ್ತಾರೆ. ತೈಲಪನ ಮಹಾಮಂತ್ರಿ ಧಲ್ಲಪನು ಜೈನನು. ಧಲ್ಲಪನ ಮಗ ದಂಡನಾಯಕ ನಾಗದೇವನು ಜೈನನು. ಅವರ ಬೀಗನಾದ ಮಲ್ಲಪಯ್ಯನೂ ಜೈನನೇ. ಈ ಮಲ್ಲಪಯ್ಯನ ಮಗಳು, ನಾಗದೇವನ ಮಡದಿ, ಅತ್ತಿಮಬ್ಬೆ. ಒಂದು ರಾಜವಂಶ ಅಳಿದು ಇನ್ನೊಂದು ತಲೆಯೆತ್ತಿದ ಸಂಧಿಕಾಲದಲ್ಲಿ ಜಿನಶಾಸನದ ದೀಪ ಆರದಂತೆ ಕೈಯೊಡ್ಡಿ ಕಾಪಾಡಿದವರಲ್ಲಿ ಈಕೆಯ ಹೆಸರು ಮೊದಲು ಬರಬೇಕು.

ಅತ್ತಿಮಬ್ಬೆಯ ಪೂರ್ವಿಕರು ಕನ್ನಡ ನಾಡಿನ ಒಳಗಿನವರಲ್ಲ. ವೆಂಗಿ ಮಂಡಲದ ಕಮ್ಮೆನಾಡಿನ ಪುಂಗನೂರು ಅವರ ಮೂಲ ನೆಲೆ. ಅಲ್ಲಿ ಕೌಂಡಿನ್ಯ ಗೋತ್ರದ ಬ್ರಾಹ್ಮಣ ಕುಲದಲ್ಲಿ ಹುಟ್ಟಿ ಜಿನಧರ್ಮವನ್ನು ಆಚರಿಸುತ್ತಿದ್ದ ನಾಗಮಯ್ಯನಿಗೆ ಮಲ್ಲಪಯ್ಯ, ಪುನ್ನಮಯ್ಯ ಎಂಬ ಇಬ್ಬರು ಮಕ್ಕಳು. ಇಬ್ಬರೂ ಕತ್ತಿ ಹಿಡಿದು ಬದುಕಿದ ವೀರರು. ಇಬ್ಬರೂ ಶಾಸ್ತ್ರದಲ್ಲಿ ಆಸಕ್ತಿಯುಳ್ಳವರು. ತಮ್ಮ ಗುರುಗಳಾದ ಜಿನಚಂದ್ರದೇವರ ನೆನಪು ಲೋಕದಲ್ಲಿ ನಿಲ್ಲಬೇಕೆಂದು ಈ ಸಹೋದರರು, ಅದೇ ವೆಂಗಿ ನಾಡಿನಿಂದ ಬಂದಿದ್ದ ಕವಿ ಪೊನ್ನನಿಂದ ಹದಿನಾರನೆಯ ತೀರ್ಥಂಕರರ ಚರಿತೆಯಾದ ಶಾಂತಿಪುರಾಣವನ್ನು ಬರೆಯಿಸಿದರು. ರಾಷ್ಟ್ರಕೂಟ ಮೂರನೆಯ ಕೃಷ್ಣನಿಂದ ಉಭಯಕವಿಚಕ್ರವರ್ತಿ ಎಂಬ ಬಿರುದನ್ನು ಪಡೆದ ಪೊನ್ನನಿಗೆ ಬೇಡಿಕೆ ಸಲ್ಲಿಸುವಷ್ಟು ಘನತೆ ಆ ಮನೆತನಕ್ಕಿತ್ತು ಎಂಬುದು ಇದರಿಂದ ತಿಳಿಯುತ್ತದೆ. ಪುನ್ನಮಯ್ಯನು ಮುಂದೆ ಕಾವೇರಿಯ ತೀರದ ಕಾಳಗದಲ್ಲಿ ಮಡಿದನು. ಮಲ್ಲಪಯ್ಯನು ಬಾಳಿ ತೈಲಪನ ಪಕ್ಷದಲ್ಲಿ ನಿಂತನು.

ಹೀಗೆ ಅತ್ತಿಮಬ್ಬೆ ಬೆಳೆದ ಮನೆಯಲ್ಲಿ ಯುದ್ಧದ ಮಾತೂ ಪುರಾಣದ ಓದೂ ಜೊತೆಜೊತೆಗೆ ಇದ್ದವು. ಆಕೆಗೆ ಹಲವರು ಸಹೋದರರು. ಒಬ್ಬಳು ತಂಗಿ, ಗುಂಡಮಬ್ಬೆ. ಮಲ್ಲಪಯ್ಯನು ತನ್ನ ಇಬ್ಬರು ಹೆಣ್ಣುಮಕ್ಕಳನ್ನೂ ಧಲ್ಲಪನ ಮಗನಾದ ನಾಗದೇವನಿಗೇ ಧಾರೆಯೆರೆದು ಕೊಟ್ಟನು. ಒಡಹುಟ್ಟಿದವರು ಸವತಿಯರಾದರೆ ಮನೆ ಎರಡಾಗುವುದೆಂಬ ಲೋಕದ ಮಾತು ಇವರಲ್ಲಿ ಸುಳ್ಳಾಯಿತು. ಅಕ್ಕತಂಗಿಯರ ಅನ್ಯೋನ್ಯವನ್ನು ಕವಿ ರನ್ನನು ಮನಸಾರೆ ಹೊಗಳಿದ್ದಾನೆ. ಅತ್ತಿಮಬ್ಬೆಗೆ ಅಣ್ಣಿಗದೇವನೆಂಬ ಮಗನು ಹುಟ್ಟಿದನು. ಮುಂದೆ ಪಡೆವಳ ತೈಲನೆಂದು ಹೆಸರಾದವನು ಈತನೇ. ಸೇನಾಧಿಪತಿ ಎಂಬುದು ಪಡೆವಳ ಎಂಬ ಮಾತಿನ ಅರ್ಥ. ಅರಸನ ಹೆಸರಾದ ತೈಲ ಎಂಬುದು ಅದಕ್ಕೆ ಸೇರಿರುವುದನ್ನು ನೋಡಿದರೆ ಆ ಕುಟುಂಬವು ಹೊಸ ರಾಜವಂಶಕ್ಕೆ ಎಷ್ಟು ಹತ್ತಿರವಾಗಿತ್ತೆಂಬುದು ಗೊತ್ತಾಗುತ್ತದೆ.

ಪಟ್ಟಕ್ಕೆ ಬಂದ ತೈಲಪನಿಗೆ ನೆಮ್ಮದಿಯ ದಿನಗಳಿರಲಿಲ್ಲ. ದಕ್ಷಿಣದಲ್ಲಿ ಗಂಗ ಪಾಂಚಲದೇವನು ಎದುರಾದನು. ಉತ್ತರದಲ್ಲಿ ಪರಮಾರ ಮುಂಜನು ಮತ್ತೆ ಮತ್ತೆ ಗೋದಾವರಿಯ ಕಡೆಗೆ ದಂಡೆತ್ತಿ ಬಂದನು. ಆಗ್ನೇಯದಲ್ಲಿ ಚೋಳರು ಬಲಿಯುತ್ತಿದ್ದರು. ಇಂಥ ಕಾಲದಲ್ಲಿ ದಂಡನಾಯಕನ ಮಡದಿಯಾಗಿರುವುದೆಂದರೆ ವರ್ಷದ ಬಹುಭಾಗ ಬೀಡಿನಿಂದ ಬರುವ ಓಲೆಗಾಗಿ ಕಾಯುವುದು ಎಂದೇ ಅರ್ಥ. ಒಂದು ದಿನ ಬರಬಾರದ ಸುದ್ದಿ ಬಂದಿತು. ಇನ್ನೂ ತುಂಬು ತಾರುಣ್ಯದಲ್ಲಿದ್ದ ನಾಗದೇವನು ರಣರಂಗದಲ್ಲಿ ವೀರಮರಣವನ್ನು ಹೊಂದಿದನು.

ಅತ್ತಿಮಬ್ಬೆಯ ಚರಿತ್ರೆಯಲ್ಲಿ ನಿಂತು ಯೋಚಿಸಬೇಕಾದ ಘಟ್ಟ ಇದು. ಪತಿಯ ಮರಣವಾರ್ತೆಯನ್ನು ಕೇಳಿದ ಗುಂಡಮಬ್ಬೆಯು ಸಹಗಮನಕ್ಕೆ ಅಣಿಯಾಗಿ ಚಿತೆಯನ್ನು ಏರಿದಳು. ಅತ್ತಿಮಬ್ಬೆ ಏರಲಿಲ್ಲ. ಒಂದೇ ದಿನದ ಆಸುಪಾಸಿನಲ್ಲಿ ಗಂಡನನ್ನೂ, ಒಡಹುಟ್ಟಿದ ತಂಗಿಯನ್ನೂ ಕಳೆದುಕೊಂಡ ಆಕೆ ಮಗನನ್ನು ಮುಂದಿಟ್ಟುಕೊಂಡು ಬದುಕಿ ಉಳಿದಳು.

ಈ ಇಬ್ಬರಲ್ಲಿ ಯಾರು ಹೆಚ್ಚಿನವರು ಎಂದು ತೂಗುವ ಕೆಲಸಕ್ಕೆ ರನ್ನನು ಕೈಹಾಕಿಲ್ಲ. ಗುಂಡಮಬ್ಬೆಯ ಪತಿಭಕ್ತಿಯನ್ನು ಅವನು ಗೌರವದಿಂದಲೇ ನೆನೆಯುತ್ತಾನೆ. ಹತ್ತನೆಯ ಶತಮಾನದ ಕನ್ನಡ ನಾಡಿನಲ್ಲಿ ವೀರಪತ್ನಿಯರು ಅಗ್ನಿಪ್ರವೇಶ ಮಾಡುವುದು ಕುಲದ ಕೀರ್ತಿಯೆಂದು ಭಾವಿಸಲ್ಪಟ್ಟಿತ್ತು. ಊರೂರಿನ ಮಾಸ್ತಿಕಲ್ಲುಗಳೇ ಇದಕ್ಕೆ ಸಾಕ್ಷಿ. ಆದರೆ ಜಿನಾಗಮದ ದೃಷ್ಟಿ ಬೇರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನದಿ ಸಾಗರಗಳ ಸ್ನಾನದಿಂದ ಪುಣ್ಯ ಬರುವುದೆಂಬ ಭಾವನೆ, ಮರಳು ಕಲ್ಲುಗಳನ್ನು ಒಟ್ಟುವುದು, ಬೆಟ್ಟದಿಂದ ಬೀಳುವುದು, ಬೆಂಕಿಯಲ್ಲಿ ಬೀಳುವುದು ಇವೆಲ್ಲವನ್ನೂ ಲೋಕಮೂಢತೆಯ ಸಾಲಿಗೆ ಸೇರಿಸಿದ್ದಾರೆ. ಸಲ್ಲೇಖನವೆಂಬುದು ಕಷಾಯಗಳನ್ನು ಕೃಶಗೊಳಿಸಿ, ಗುರುವಿನ ಅನುಮತಿಯಿಂದ, ಶಾಂತಚಿತ್ತದಿಂದ ಕೈಕೊಳ್ಳುವ ವ್ರತ. ಶೋಕದ ಉದ್ವೇಗದಲ್ಲಿ ದೇಹವನ್ನು ಬೆಂಕಿಗೆ ಒಪ್ಪಿಸುವುದು ಅದಲ್ಲ. ಮಾರಸಿಂಹ ಇಂದ್ರರಾಜರ ಸಲ್ಲೇಖನ ಮರಣದ ನೆನಪು ಇನ್ನೂ ಹಸಿಯಾಗಿದ್ದ ಆ ದಿನಗಳಲ್ಲಿ ಈ ಎರಡರ ವ್ಯತ್ಯಾಸ ವಿವೇಕಶಾಲಿಯಾದ ಶ್ರಾವಕಿಗೆ ತಿಳಿಯದೆ ಇರುವುದು ಸಾಧ್ಯವಿರಲಿಲ್ಲ. ಲೋಕದ ಮೆಚ್ಚುಗೆಗೆ ಒಲಿಯದೆ ಆಗಮದ ಮಾತಿಗೆ ತಲೆಬಾಗಿ ಬದುಕುವುದಕ್ಕೆ, ಚಿತೆ ಏರುವುದಕ್ಕಿಂತ ಕಡಿಮೆಯ ಧೈರ್ಯ ಸಾಲದು. ಚಿತೆಯ ಉರಿ ಕ್ಷಣಕಾಲದ್ದು. ಅತ್ತಿಮಬ್ಬೆ ಅನೇಕ ದಶಕಗಳ ಕಾಲ ತಪಿಸಿದಳು.

ಪತಿವಿಯೋಗದ ನಂತರ ಆಕೆ ಒಡವೆ ವಸ್ತ್ರಗಳ ಬಯಕೆಯನ್ನು ತೊರೆದು, ಅಣುವ್ರತಗಳನ್ನು ದೃಢವಾಗಿ ಪಾಲಿಸುತ್ತ, ಉಪವಾಸಗಳಿಂದ ದೇಹವನ್ನು ದಂಡಿಸುತ್ತ, ಆರ್ಯಿಕೆಯ ದೀಕ್ಷೆಯನ್ನು ತಳೆಯದೆಯೇ ಆರ್ಯಿಕೆಯಂತೆ ಬಾಳಿದಳು. ಆದರೂ ಲೋಕಕ್ಕೆ ಬೆನ್ನು ತಿರುಗಿಸಲಿಲ್ಲ. ಮಗನನ್ನು ಬೆಳೆಸಿ ರಾಜಕಾರ್ಯಕ್ಕೆ ಅಣಿಗೊಳಿಸಿದಳು. ತವರಿನ ಮತ್ತು ಗಂಡನ ಮನೆಯ ಐಶ್ವರ್ಯವೆಲ್ಲ ಆಕೆಯ ಕೈಯಲ್ಲಿ ದಾನದ ರೂಪವನ್ನು ತಾಳಿತು. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ಬಗೆಯ ದಾನಗಳಲ್ಲಿ ಯಾವುದರಲ್ಲಿಯೂ ಆಕೆ ಹಿಂದೆ ಬೀಳಲಿಲ್ಲ. ಬೇಡಿದ್ದನ್ನು ಕೊಡುವ ಚಿಂತಾಮಣಿ ರತ್ನಕ್ಕೆ ಹೋಲಿಸಿ ಲೋಕವು ಆಕೆಯನ್ನು ದಾನಚಿಂತಾಮಣಿ ಎಂದು ಕರೆಯಿತು.

ಈ ದಾನಗಳಲ್ಲಿ ಎರಡನ್ನು ವಿಶೇಷವಾಗಿ ಹೇಳಬೇಕು. ಮೊದಲನೆಯದು, ಮಣಿಕನಕಖಚಿತವಾದ ೧೫೦೦ ಜಿನಬಿಂಬಗಳನ್ನು ಮಾಡಿಸಿ ಹಂಚಿದುದು. ಎರಡನೆಯದು, ತನ್ನ ತಂದೆ ಮತ್ತು ಚಿಕ್ಕಪ್ಪ ಬರೆಯಿಸಿದ ಶಾಂತಿಪುರಾಣದ ೧೦೦೦ ಪ್ರತಿಗಳನ್ನು ಮಾಡಿಸಿ ದಾನ ಕೊಟ್ಟುದು.

ಅಚ್ಚಿನ ಯಂತ್ರಕ್ಕೆ ಒಗ್ಗಿಹೋದ ನಮಗೆ ಸಾವಿರ ಪ್ರತಿ ಎಂಬುದು ಸಣ್ಣ ಮಾತಾಗಿ ಕಾಣಬಹುದು. ಇಂಥದೊಂದು ಸ್ಮರಣ ಸಂಚಿಕೆಯೂ ಅಷ್ಟು ಪ್ರತಿ ಅಚ್ಚಾಗುತ್ತದೆ. ಆದರೆ ಅಂದು ಒಂದೊಂದು ಪ್ರತಿಯೂ ಒಬ್ಬ ಲಿಪಿಕಾರನ ಕೈಯಿಂದಲೇ ಇಳಿಯಬೇಕು. ತಾಳೆಯ ಗರಿಗಳನ್ನು ತಂದು, ಹದಮಾಡಿ, ಒಣಗಿಸಿ, ಒಂದೇ ಅಳತೆಗೆ ಕತ್ತರಿಸಿ, ದಾರಕ್ಕೆ ತೂತು ಕೊರೆದು, ಕಬ್ಬಿಣದ ಕಂಠದಿಂದ ಅಕ್ಷರ ಅಕ್ಷರವಾಗಿ ಕೊರೆದು, ಮೇಲೆ ಮಸಿಯನ್ನು ತೀಡಿ ಒರೆಸಬೇಕು. ಬರೆದುದನ್ನು ಮೂಲದೊಡನೆ ಹೋಲಿಸಿ ತಿದ್ದುವ ವಿದ್ವಾಂಸನೂ ಬೇಕು. ಇಲ್ಲವಾದರೆ ಚಂಪೂಕಾವ್ಯದ ವೃತ್ತಗಳು ಪ್ರತಿಯಿಂದ ಪ್ರತಿಗೆ ಕೆಡುತ್ತ ಹೋಗುತ್ತವೆ. ಒಬ್ಬ ಲಿಪಿಕಾರನು ಒಂದು ಪ್ರತಿಯನ್ನು ಒಂದು ತಿಂಗಳಲ್ಲಿ ಮುಗಿಸುವನೆಂದು ಇಟ್ಟುಕೊಂಡರೂ, ಹತ್ತು ಮಂದಿ ಬಿಡುವಿಲ್ಲದೆ ಕುಳಿತರೆ ಸಾವಿರ ಪ್ರತಿಗೆ ಎಂಟು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯುತ್ತದೆ. ಅಷ್ಟು ಜನರಿಗೆ ಅನ್ನ ವಸ್ತ್ರ ವೇತನಗಳನ್ನು ಒದಗಿಸಿ, ಕೆಲಸ ನಡುವೆ ನಿಲ್ಲದಂತೆ ನೋಡಿಕೊಂಡವಳು ಒಬ್ಬ ವಿಧವೆ. ಅದೂ ಗಡಿಗಳೆಲ್ಲ ಯುದ್ಧದಿಂದ ಹೊತ್ತಿ ಉರಿಯುತ್ತಿದ್ದ ಕಾಲದಲ್ಲಿ.

ಇದರ ಫಲವನ್ನು ಅಳೆಯಬೇಕಾದರೆ ಪೊನ್ನನ ಇನ್ನೊಂದು ಕೃತಿಯ ಗತಿಯನ್ನು ನೆನೆಯಬೇಕು. ಅವನ ಭುವನೈಕರಾಮಾಭ್ಯುದಯವು ಇಂದು ಸಿಕ್ಕುವುದಿಲ್ಲ; ಹೆಸರು ಮಾತ್ರ ಉಳಿದಿದೆ. ರನ್ನನ ಪರಶುರಾಮಚರಿತ, ಚಕ್ರೇಶ್ವರಚರಿತಗಳಿಗೂ ಇದೇ ಗತಿಯಾಯಿತು. ಅರಸರ ಆಶ್ರಯದಲ್ಲಿ ಹುಟ್ಟಿದ ಕಾವ್ಯಗಳು ಗೆದ್ದಲು, ಬೆಂಕಿ, ದಂಡಯಾತ್ರೆಗಳಿಗೆ ಬಲಿಯಾದವು. ಶಾಂತಿಪುರಾಣ ಉಳಿಯಿತು. ಬಸದಿ ಬಸದಿಗೂ, ಮಠ ಮಠಕ್ಕೂ ಒಂದೊಂದು ಪ್ರತಿ ಸೇರಿದ್ದುದರಿಂದ ಒಂದೆಡೆ ನಾಶವಾದುದು ಇನ್ನೊಂದೆಡೆ ಬದುಕಿತು. ನಮ್ಮ ಶ್ರಾವಕಿಯರು ವ್ರತದ ಉದ್ಯಾಪನೆಯಲ್ಲಿ ಗ್ರಂಥವನ್ನು ಬರೆಯಿಸಿ ಮುನಿಗಳಿಗೆ ಒಪ್ಪಿಸುವ ಪದ್ಧತಿಗೆ ಇಷ್ಟು ದೊಡ್ಡ ಪ್ರಮಾಣದ ಉದಾಹರಣೆ ಮತ್ತೊಂದಿಲ್ಲ.

ರನ್ನನ ಮಾತು ಬಂದುದರಿಂದ ಅವನ ಸಂಬಂಧವನ್ನು ಇಲ್ಲಿಯೇ ಹೇಳುವುದು ಯುಕ್ತ. ಮುದುವೊಳಲಿನ ಬಳೆಗಾರ ಕುಲದಲ್ಲಿ ೯೪೯ರಲ್ಲಿ ಹುಟ್ಟಿದ ರನ್ನನು ವಿದ್ಯೆಗಾಗಿ ಗಂಗರ ನಾಡಿಗೆ ಹೋಗಿ, ಚಾವುಂಡರಾಯನ ಆಶ್ರಯವನ್ನೂ, ಅಜಿತಸೇನಾಚಾರ್ಯರ ಶಿಷ್ಯತ್ವವನ್ನೂ ಪಡೆದವನು. ರಾಜಕೀಯವಾಗಿ ನೋಡಿದರೆ ಚಾವುಂಡರಾಯನು ಗಂಗರ ಮಂತ್ರಿ. ಅತ್ತಿಮಬ್ಬೆಯ ಮನೆತನವು ಗಂಗರ ವೈರಿಯಾದ ತೈಲಪನ ಬಲಗೈ. ಪಾಂಚಲದೇವನ ಮೇಲಿನ ವಿಜಯವನ್ನು ಚಾಲುಕ್ಯರು ಬಿರುದಾಗಿಯೇ ಧರಿಸಿದ್ದರು. ಆದರೂ ಆ ಆಶ್ರಯದಿಂದ ಈ ಆಶ್ರಯಕ್ಕೆ ಬಂದ ಕವಿಯನ್ನು ಅತ್ತಿಮಬ್ಬೆ ಸಾಧರ್ಮಿ ವಾತ್ಸಲ್ಯದಿಂದ ಬರಮಾಡಿಕೊಂಡಳು. ರಾಜ್ಯಗಳ ಗಡಿ ಧರ್ಮಬಂಧುಗಳ ನಡುವೆ ಗೋಡೆಯಾಗಲಿಲ್ಲ. ಆಕೆಯ ಪ್ರೇರಣೆಯಿಂದ ರನ್ನನು ೯೯೩ರಲ್ಲಿ ಅಜಿತಪುರಾಣವನ್ನು ಮುಗಿಸಿದನು. ತಂದೆ ಪೊನ್ನನಿಂದ ಶಾಂತಿಪುರಾಣವನ್ನು ಬರೆಯಿಸಿದಂತೆ ಮಗಳು ರನ್ನನಿಂದ ಅಜಿತಪುರಾಣವನ್ನು ಬರೆಯಿಸಿದಳು. ಕನ್ನಡದ ರತ್ನತ್ರಯರಲ್ಲಿ ಇಬ್ಬರು ಒಂದೇ ಮನೆಯ ಋಣದಲ್ಲಿದ್ದಾರೆ.

ಆಕೆ ಎರಡನೆಯ ತೀರ್ಥಂಕರರ ಚರಿತೆಯನ್ನೇ ಬಯಸಿದುದರಲ್ಲಿ ಒಂದು ಅಂತರಾರ್ಥವಿದ್ದಂತೆ ತೋರುತ್ತದೆ. ಅಜಿತನಾಥರ ಕಥೆಯೊಡನೆ ಸಗರ ಚಕ್ರವರ್ತಿಯ ಕಥೆಯೂ ಹೆಣೆದುಕೊಂಡಿದೆ. ಅರವತ್ತು ಸಾವಿರ ಮಕ್ಕಳ ಅಗಲಿಕೆಯ ಸುದ್ದಿಯನ್ನು ಕೇಳಿದ ಸಗರನು ದುಃಖದಲ್ಲಿ ಮುಳುಗಿಹೋಗದೆ ಸಂಸಾರದ ಅನಿತ್ಯವನ್ನು ಮನಗಂಡು ವಿರಕ್ತನಾದನು. ಗಂಡನನ್ನೂ ತಂಗಿಯನ್ನೂ ಒಟ್ಟಿಗೆ ನೀಗಿಕೊಂಡವಳಿಗೆ ಈ ಕಥೆ ಕೇವಲ ಕಾವ್ಯವಸ್ತುವಾಗಿರಲಾರದು. ರನ್ನನು ತನ್ನ ಪುರಾಣದಲ್ಲಿ ಅತ್ತಿಮಬ್ಬೆಯ ವಂಶವನ್ನೂ ಗುಣಗಳನ್ನೂ ವಿಸ್ತಾರವಾಗಿ ವರ್ಣಿಸಿದ್ದಾನೆ. ಆಕೆಯ ಬಾಳಿನ ಬಗ್ಗೆ ನಾವು ತಿಳಿದಿರುವುದರಲ್ಲಿ ಬಹುಪಾಲು ಅಲ್ಲಿಂದಲೇ ಬಂದುದು. ಅಷ್ಟಕ್ಕೇ ತೃಪ್ತನಾಗದೆ, ಅವನು ತನ್ನ ಮಗನಿಗೆ ಚಾವುಂಡರಾಯನ ನೆನಪಿನಲ್ಲಿ ರಾಯನೆಂದೂ, ಮಗಳಿಗೆ ಅತ್ತಿಮಬ್ಬೆ ಎಂದೂ ಹೆಸರಿಟ್ಟನು. ಮುಂದೆ ತೈಲಪನಿಂದಲೂ ಅವನ ಮಗ ಇರಿವಬೆಡಂಗ ಸತ್ಯಾಶ್ರಯನಿಂದಲೂ ಮನ್ನಣೆ ಪಡೆದ ಈ ಕವಿಚಕ್ರವರ್ತಿಯು ಮನೆಯಲ್ಲಿ ದಿನವೂ ಕರೆಯುತ್ತಿದ್ದುದು ತನ್ನ ಆಶ್ರಯದಾತೆಯ ಹೆಸರನ್ನು.

ಅತ್ತಿಮಬ್ಬೆಯ ಶ್ರವಣಬೆಳಗೊಳದ ಯಾತ್ರೆ ಜನಮನದಲ್ಲಿ ಇಂದಿಗೂ ಉಳಿದಿರುವ ಪ್ರಸಂಗ. ಚಾವುಂಡರಾಯನು ಗೊಮ್ಮಟೇಶ್ವರನ ಮಹಾಮೂರ್ತಿಯನ್ನು ನಿಲ್ಲಿಸಿ ಹೆಚ್ಚು ಕಾಲವಾಗಿರಲಿಲ್ಲ. ಕುಕ್ಕುಟೇಶ್ವರ ಜಿನನ ದರ್ಶನವಾಗುವವರೆಗೆ ಅನ್ನವನ್ನು ಮುಟ್ಟುವುದಿಲ್ಲವೆಂದು ವ್ರತ ತೊಟ್ಟು ಆಕೆ ಹೊರಟಳು. ದೂರದ ದಾರಿ, ಉಪವಾಸದಿಂದ ಸೊರಗಿದ ಮೈ. ಬೆಟ್ಟವನ್ನೇರಿ ಬಳಲಿದ ಆಕೆಯ ಆಯಾಸವನ್ನು ತಣಿಸಲೆಂಬಂತೆ ಕಾಲವಲ್ಲದ ಕಾಲದಲ್ಲಿ ಮಳೆ ಸುರಿಯಿತೆಂದು ರನ್ನನು ಹೇಳುತ್ತಾನೆ. ಉಕ್ಕಿ ಹರಿಯುತ್ತಿದ್ದ ಗೋದಾವರಿಯು ಜಿನಬಿಂಬವನ್ನು ಹೊತ್ತ ಆಕೆಗೆ ದಾರಿ ಬಿಟ್ಟಿತೆಂದೂ, ಮದಿಸಿದ ಆನೆ ಆಕೆಯ ಮುಂದೆ ತಲೆ ಬಾಗಿತೆಂದೂ ಹೇಳುವ ಅತಿಶಯಗಳು ಪ್ರಸಿದ್ಧವಾಗಿವೆ. ಇವನ್ನು ಶ್ರದ್ಧೆಯಿಂದ ನಂಬುವವರು ನಂಬಲಿ. ನಂಬದವರೂ ಒಂದನ್ನು ಗಮನಿಸಬೇಕು: ಇಂಥ ಅತಿಶಯಗಳನ್ನು ಆ ಕಾಲದವರು ಅರಸಿಯರ ಮೇಲೆ ಹೊರಿಸಲಿಲ್ಲ, ಪಟ್ಟವೂ ಸಿಂಹಾಸನವೂ ಇಲ್ಲದ ಒಬ್ಬ ದಂಡನಾಯಕನ ವಿಧವೆಯ ಮೇಲೆ ಹೊರಿಸಿದರು, ಅದೂ ಆಕೆ ಬದುಕಿದ್ದಾಗಲೇ.

ಮಗ ಪಡೆವಳ ತೈಲನು ಚಾಲುಕ್ಯ ಚಕ್ರವರ್ತಿಯ ಅಧಿಕಾರಿಯಾಗಿ ಮಾಸವಾಡಿ ನಾಡನ್ನು ನೋಡಿಕೊಳ್ಳುತ್ತಿದ್ದನು. ಅಲ್ಲಿಗೆ ಸಮೀಪದ ಬೆಳ್ವೊಲ ನಾಡಿನ ಲೊಕ್ಕಿಗುಂಡಿ, ಎಂದರೆ ಇಂದಿನ ಗದಗ ಜಿಲ್ಲೆಯ ಲಕ್ಕುಂಡಿ, ಅತ್ತಿಮಬ್ಬೆಯ ಕೊನೆಯ ದೊಡ್ಡ ಕಾರ್ಯಕ್ಕೆ ನೆಲೆಯಾಯಿತು. ಸತ್ಯಾಶ್ರಯನ ಆಳ್ವಿಕೆಯ ಶಕವರ್ಷ ೯೨೯ರಲ್ಲಿ, ಎಂದರೆ ಕ್ರಿ.ಶ. ೧೦೦೭ರಲ್ಲಿ, ಅಲ್ಲಿ ಆಕೆ ಕಟ್ಟಿಸಿದ ಬಸದಿಗೆ ಭೂಮಿಯನ್ನು ಬಿಟ್ಟು, ಸೂರಸ್ಥಗಣದ ಅರ್ಹಣಂದಿ ಪಂಡಿತರಿಗೆ ಒಪ್ಪಿಸಿದ ವಿಷಯವನ್ನು ಅಲ್ಲಿಯ ಶಾಸನ ತಿಳಿಸುತ್ತದೆ. ಈಗ ಬ್ರಹ್ಮಜಿನಾಲಯವೆಂದು ಪ್ರಸಿದ್ಧವಾಗಿರುವ ಆ ಬಸದಿಯ ಗರ್ಭಗೃಹ, ಸುಕನಾಸಿ, ನವರಂಗಗಳೂ ಮೇಲಿನ ಶಿಖರವೂ ಸಾವಿರ ವರ್ಷದ ಮಳೆಬಿಸಿಲುಗಳನ್ನು ತಾಳಿ ನಿಂತಿವೆ. ಒಳಗೆ ನಾಲ್ಕು ಮುಖದ ಬ್ರಹ್ಮನ ಮೂರ್ತಿಯೂ ಪದ್ಮಾವತಿ ದೇವಿಯ ಮೂರ್ತಿಯೂ ಇವೆ. ಹಿಂದಿನ ಚಾಲುಕ್ಯ ಗುಡಿಗಳ ಮರಳುಕಲ್ಲನ್ನು ಬಿಟ್ಟು ನಯವಾದ ಕೆತ್ತನೆಗೆ ಒಗ್ಗುವ ನುಣುಪು ಕಲ್ಲನ್ನು ಇಲ್ಲಿ ಬಳಸಿದುದು ಕನ್ನಡ ನಾಡಿನ ಶಿಲ್ಪಕ್ಕೆ ಹೊಸ ದಾರಿಯನ್ನು ತೋರಿತೆಂದು ಶಿಲ್ಪಶಾಸ್ತ್ರದ ವಿದ್ವಾಂಸರು ಗುರುತಿಸಿದ್ದಾರೆ. ಲಕ್ಕುಂಡಿಯ ಮುಂದಿನ ಶಿವಾಲಯಗಳ ಕುಸುರಿಗೆ ಮೊದಲ ಪಾಠ ಈ ಬಸದಿಯ ಗೋಡೆಗಳ ಮೇಲೆ ನಡೆದಿದೆ.

ಅದೇ ಶಕವರ್ಷ ೯೨೯ರಲ್ಲಿ ನಾಡಿನಲ್ಲಿ ನಡೆಯುತ್ತಿದ್ದುದು ಏನೆಂಬುದನ್ನು ಹೊಟ್ಟೂರಿನ ಶಾಸನ ಹೇಳುತ್ತದೆ. ಚೋಳರ ಸೇನೆ ದೋಣೂರಿನವರೆಗೆ ನುಗ್ಗಿ ಬಂದು, ನಾಡನ್ನು ಸೂರೆಗೊಂಡು, ಹೆಂಗಸರು ಮಕ್ಕಳೆನ್ನದೆ ಕೊಂದು ಹಾವಳಿ ಮಾಡಿತು. ಸತ್ಯಾಶ್ರಯನು ಕಷ್ಟದಿಂದ ಅದನ್ನು ಹಿಮ್ಮೆಟ್ಟಿಸಿದನು. ಒಂದು ಕಲ್ಲಿನಲ್ಲಿ ಉರಿಯುತ್ತಿರುವ ಊರುಗಳು, ಅದೇ ವರ್ಷದ ಇನ್ನೊಂದು ಕಲ್ಲಿನಲ್ಲಿ ಬಸದಿಗೆ ದತ್ತಿ. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡು, ಮಗನನ್ನೂ ಅದೇ ಯುದ್ಧಗಳ ಬಾಗಿಲಿನಲ್ಲಿ ನಿಲ್ಲಿಸಿದ್ದ ತಾಯಿ, ಹಗೆಯ ದಂಡು ಯಾವಾಗ ಬರುವುದೋ ಎಂಬ ನಾಡಿನಲ್ಲಿ ಕುಳಿತು ಕಲ್ಲಿನ ಮೇಲೆ ಕಲ್ಲನ್ನು ಇಡಿಸಿದಳು. ಆ ಭಯ ಬರಿಯದಾಗಿರಲಿಲ್ಲ. ಮುಂದೆ ಅರ್ಧ ಶತಮಾನದೊಳಗೆ ಚೋಳರು ಬೆಳ್ವೊಲ ನಾಡನ್ನು ಹೊಕ್ಕು ಗಂಗ ಪೆರ್ಮಾಡಿಯು ಅಣ್ಣಿಗೇರಿಯಲ್ಲಿ ಕಟ್ಟಿಸಿದ್ದ ಬಸದಿಯೇ ಮೊದಲಾದ ಜಿನಾಲಯಗಳನ್ನು ಸುಟ್ಟರೆಂದು ಗಾವರವಾಡದ ಶಾಸನ ತಿಳಿಸುತ್ತದೆ. ಮಂಡಲೇಶ್ವರ ಲಕ್ಷ್ಮರಸನು ೧೦೭೧ರ ವೇಳೆಗೆ ಅವನ್ನು ಜೀರ್ಣೋದ್ಧಾರ ಮಾಡಿಸಿದನು. ಅಣ್ಣಿಗೇರಿಯಿಂದ ಕೆಲವೇ ಹರದಾರಿಯ ಲಕ್ಕುಂಡಿಯಲ್ಲಿ ಅತ್ತಿಮಬ್ಬೆಯ ಬಸದಿ ನಿಂತೇ ಇದೆ.

ಆಕೆಯ ಕಾಲದ ರಾಜವಂಶಗಳು ಶಾಶ್ವತವಾಗಿ ಬಾಳಲಿಲ್ಲ. ತಲಕಾಡಿನ ಗಂಗರು ೧೦೦೪ರ ಸುಮಾರಿಗೇ ಅಳಿದರು. ತೈಲಪನ ವಂಶ ಹನ್ನೆರಡನೆಯ ಶತಮಾನದ ಕೊನೆಗೆ ಕೊನೆಗಂಡಿತು. ಚೋಳರೂ ಉಳಿಯಲಿಲ್ಲ. ಆದರೆ ಲಕ್ಕುಂಡಿಯ ದತ್ತಿಯಾಗಿ ನೂರನಾಲ್ವತ್ತು ವರ್ಷಗಳ ಮೇಲೆ, ದೂರದ ಮಲೆನಾಡಿನ ಹೊಂಬುಜದಲ್ಲಿ ಸಾಂತರ ವಂಶದ ಪಂಪಾದೇವಿಯು ಪಂಚಬಸದಿಗೆ ಉತ್ತರದ ಪಟ್ಟಶಾಲೆಯನ್ನು ಕಟ್ಟಿಸಿದಾಗ, ೧೧೪೭ರ ಆ ಶಾಸನವನ್ನು ಬರೆದವನಿಗೆ ಆ ಮನೆಯ ಹೆಣ್ಣುಮಕ್ಕಳ ಜಿನಭಕ್ತಿಯನ್ನು ಹೊಗಳಲು ಯಾವ ಮಹಾರಾಣಿಯ ಹೆಸರೂ ಹೊಳೆಯಲಿಲ್ಲ. ಅವನು ಅವರನ್ನು ಅತ್ತಿಮಬ್ಬೆಗೆ ಹೋಲಿಸಿದನು.